ಮಂಚದಡಿಯ ಒಂಬತ್ತು ತಟ್ಟೆಗಳು

ಒಳ್ಳೆಯವರ ನಡುವೆ ವಾಸ ಮಾಡುವುದು ಸುಲಭ ಎನ್ನುವವರು ಮಂಗಳೂರು ಕುದ್ರೋಳಿಯ ನಮ್ಮ ಓಣಿಯಲ್ಲಿ ಬಾಡಿಗೆಗೆ ಇದ್ದವರಲ್ಲ. ನಾನು ಇದ್ದೆ, ಐವತ್ತರ ದಶಕದ ಕೊನೆಯಲ್ಲಿ. ಫಳ್ನೀರಿನ ಒಬ್ಬ ಡಾಕ್ಟರರ ಹತ್ತಿರ ಕಂಪೌಂಡರ್ ಕೆಲಸ. ಘಟ್ಟದ ಮೇಲಿಂದ ಬಂದ ಒಂಟಿ ಗಂಡಸು. ಅಂಥವನನ್ನು ಕಂಡರೆ ಆ ಓಣಿಗೆ ಸುಮ್ಮನಿರಲು ಆಗುತ್ತಿರಲಿಲ್ಲ. ಹಾಗಾಗಿ ಏನಾದರೊಂದು ನಡೆಯುತ್ತಲೇ ಇತ್ತು.

ಮೊದಲ ತಟ್ಟೆ

ಬಂದ ಮೂರನೇ ದಿನ ಎಡಮನೆಯ ಕೊಂಕಣಿ ಟೀಚರಮ್ಮ ಒಂದು ಪಿಂಗಾಣಿ ತಟ್ಟೆ ತುಂಬ ನೆವ್ರಿ ಕಳಿಸಿದರು, ಕಾಯಿ ಬೆಲ್ಲ ತುಂಬಿ ಕರಿದದ್ದು. ತಿಂದೆ, ತಟ್ಟೆ ತೊಳೆದೆ, ಕೊಡಲು ಹೊರಟೆ. ಮೆಟ್ಟಿಲಲ್ಲಿ ಮನೆಯ ಒಡತಿ, ತುಳು ಮಾತಿನ ಅಜ್ಜಿ, ಅಡ್ಡ ನಿಂತರು.

"ಎಂತ ಅದು?"

"ತಟ್ಟೆ."

"ತಟ್ಟೆ ಅಂತ ನನಗೂ ಕಾಣ್ತದೆ ಮಾರಾಯ. ಅದರಲ್ಲಿ ಎಂತ ಉಂಟು?"

"ಏನೂ ಇಲ್ಲ."

"ಅಯ್ಯೋ ದೇವರೇ! ಖಾಲಿ ತಟ್ಟೆ ಹಿಂದೆ ಕೊಡ್ಲಿಕ್ಕುಂಟಾ?"

ಆ ಪದ್ಧತಿ ನಮ್ಮೂರಲ್ಲೂ ಇತ್ತು. ಆದರೆ ಅದು ಅಮ್ಮನ ಇಲಾಖೆ. ನನಗೆ ಮಾಡಲು ಬರುತ್ತಿದ್ದದ್ದು ಗಂಜಿ ಒಂದೇ, ಅದು ಚಪ್ಪಟೆ ತಟ್ಟೆಯಲ್ಲಿ ನಿಲ್ಲುವುದಿಲ್ಲ.

ಬಾಟ್ಲಿ

ಚೆನ್ನಾಗಿ ತಯಾರಿಸಲು ಬರುತ್ತಿದ್ದದ್ದು ಇನ್ನೊಂದಿತ್ತು: ಹೊಟ್ಟೆನೋವಿನ ಮಿಕ್ಸ್ಚರ್. ಒಂದು ಬಾಟ್ಲಿ ತುಂಬಿಸಿ, ಡೋಸಿನ ಚೀಟಿ ಅಂಟಿಸಿ, ತಟ್ಟೆಯ ಮೇಲಿಟ್ಟು ಕೊಟ್ಟು ಬಂದೆ. ಮರುದಿನ ಟೀಚರಮ್ಮ ಕ್ಲಿನಿಕ್ಕಿಗೇ ಬಂದರು.

"ನನ್ನ ನೆವ್ರಿ ತಿಂದು ನಿಮಗೆ ಹೊಟ್ಟೆನೋವು ಬಂತಾ?"

"ಇಲ್ಲ ಟೀಚರ್, ಅದು ನಿಮಗೆ."

"ನನಗಾ? ನನಗೆ ಹೊಟ್ಟೆನೋವು ಉಂಟು ಅಂತ ಯಾರು ಹೇಳಿದ್ದು?"

ಒಳಗಿಂದ ಡಾಕ್ಟರರು ಕೂಗಿದರು: "ಮಾರಾಯ, ರೋಗ ಯಾರಿಗೆ ಅಂತ ಹೇಳುವ ಕೆಲಸವನ್ನಾದ್ರೂ ನನಗೆ ಬಿಡು!"

ಟೀಚರಮ್ಮ ಸಿಟ್ಟಿನಲ್ಲೇ ಹೋದರು. ಆದರೆ ಮರ್ಯಾದಸ್ಥರು ನೋಡಿ, ಬಾಟ್ಲಿಯನ್ನೂ ಖಾಲಿ ಕಳಿಸಲಿಲ್ಲ. ಸಂಜೆ ಅದು ಪುನರ್ಪುಳಿ ಶರಬತ್ತು ತುಂಬಿಕೊಂಡು ಬಂತು, ಇನ್ನೊಂದು ತಟ್ಟೆಯ ಮೇಲೆ.

ಮಂಚದಡಿ

ಆಮೇಲೆ ತಟ್ಟೆ ಹಿಂದೆ ಕೊಡಲು ನನಗೆ ಧೈರ್ಯವೇ ಸಾಲಲಿಲ್ಲ. ಬಲಮನೆಯ ಬ್ಯಾರಿ ಜವಳಿ ವ್ಯಾಪಾರಿಯ ಹೆಂಡತಿ ಅಕ್ಕಿರೊಟ್ಟಿ ಕಳಿಸುವರು, ಅಜ್ಜಿ ಪುಂಡಿ ಎಂಬ ಅಕ್ಕಿಯ ಕಡುಬು ಕೊಡುವರು, ಟೀಚರಮ್ಮ ಸಿಟ್ಟು ಮರೆತು ಮತ್ತೆ ಕಳಿಸುವರು. ನಾನು ತಿನ್ನುವೆ, ತೊಳೆಯುವೆ, ಮಂಚದಡಿ ಇಡುವೆ. ತಟ್ಟೆ ಎಲ್ಲಿ ಎಂದು ಕೇಳುವುದು ಅಲ್ಲಿಯವರಿಗೆ ನಾಚಿಕೆಗೇಡು. ಅದೂ ಅಲ್ಲದೆ ತಟ್ಟೆಗಳು ಮನೆಯಿಂದ ಮನೆಗೆ ತಿರುಗುತ್ತಲೇ ಇರುವುದರಿಂದ ಯಾವುದು ಎಲ್ಲಿ ಉಂಟೆಂದು ಯಾರಿಗೂ ನೆನಪಿರಲಿಲ್ಲ. ಒಂಬತ್ತಾದ ಮೇಲೆ ನಾನು ಮಂಚದಡಿ ಗುಡಿಸುವುದನ್ನೇ ಬಿಟ್ಟೆ.

ಬಾವಿಕಟ್ಟೆ

ವ್ಯಾಪಾರಿಯ ಮಗಳ ನಿಶ್ಚಿತಾರ್ಥ ಬಂತು. ಹಿಂದಿನ ದಿನ ಅವನ ಹೆಂಡತಿ ಕಪಾಟು ತೆರೆದರೆ ತಟ್ಟೆಗಳು ಕಡಿಮೆ. ಎಡಮನೆಯಲ್ಲಿ ಕೇಳಿದರೆ ಅಲ್ಲಿಯೂ ಕಡಿಮೆ, ಅಜ್ಜಿಯದ್ದೂ ಕಡಿಮೆ. ಮೂರೂ ಮನೆಯಲ್ಲಿ ಪಾತ್ರೆ ತೊಳೆಯುವ ಹೆಂಗಸು ಒಬ್ಬಳೇ. ಕಳ್ಳಿ ಎಂದು ಯಾರೂ ಅನ್ನಲಿಲ್ಲ. ನಾಳೆಯಿಂದ ಬರುವುದು ಬೇಡ ಎಂದರು, ಅಷ್ಟೆ.

ಅವಳು ಬಾವಿಕಟ್ಟೆಯಲ್ಲಿ ಕೂತು ಅಳುತ್ತಿದ್ದಳು. "ಅಷ್ಟು ತಟ್ಟೆ ನನಗೆ ಎಂತಕ್ಕೆ? ನನ್ನ ಮನೆಯಲ್ಲಿ ಉಣ್ಣುವವರೇ ಇಬ್ಬರು!"

ನನಗೆ ವಿಪರೀತ ನಾಚಿಕೆಯಾಯಿತು. ಒಂಬತ್ತೂ ತಟ್ಟೆ ಎತ್ತಿಕೊಂಡು, ಖಾಲಿಯೇ, ಬಾವಿಕಟ್ಟೆಯಲ್ಲಿ ಸೇರಿದ್ದ ಮೂರೂ ಮನೆಯವರ ಎದುರು ತಂದಿಟ್ಟೆ. "ಕಳ್ಳ ನಾನು. ಖಾಲಿ ಕೊಡಬಾರದು ಅಂದ್ರಿ. ನನಗೆ ಗಂಜಿ ಬಿಟ್ಟು ಬೇರೆ ಮಾಡಲು ಬರುವುದಿಲ್ಲ."

ವ್ಯಾಪಾರಿಯ ಹೆಂಡತಿ ಮೊದಲು ಅಳುತ್ತಿದ್ದವಳ ಹತ್ತಿರ ಹೋಗಿ ಕೈ ಹಿಡಿದರು. "ತಪ್ಪಾಯ್ತು. ನಾಳೆ ನೀನು ಬಾರದೆ ನನ್ನ ಮನೆಯ ಕಾರ್ಯ ನಡೆಯುವುದಿಲ್ಲ." ಟೀಚರಮ್ಮನೂ ಅಜ್ಜಿಯೂ ತಪ್ಪಾಯ್ತೆಂದರು. ಅವಳು ಕಣ್ಣೊರೆಸಿಕೊಂಡಳು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಗಂಜಿಯ ಮಾತು ಮೂವರು ಹೆಂಗಸರ ಕಿವಿಗೆ ಬಿದ್ದಿತ್ತಲ್ಲ! ಸಂಜೆ ಆರಕ್ಕೆ ಆ ಪಾತ್ರೆ ತೊಳೆಯುವಾಕೆ ಬುಟ್ಟಿ ಹೊತ್ತು ನನ್ನ ಬಾಗಿಲಿಗೆ ಬಂದಳು. ಬುಟ್ಟಿಯಲ್ಲಿ ಅವೇ ಒಂಬತ್ತು ತಟ್ಟೆ, ಎಲ್ಲವೂ ತುಂಬಿದ್ದವು.

"ಇಟ್ಟು ಹೋಗಮ್ಮ, ನಿಧಾನಕ್ಕೆ ತಿನ್ನುತ್ತೇನೆ."

ಅವಳು ಹೊಸಿಲಲ್ಲಿ ಕಾಲು ಚಾಚಿ ಕೂತಳು. "ಅದೆಲ್ಲ ಬೇಡ ಮಾರಾಯ್ರೆ. ನೀವು ತಿನ್ನಿ, ತಟ್ಟೆ ಕೈಗೆ ಕೊಡಿ. ಒಂಬತ್ತೂ ಲೆಕ್ಕ ಸಿಗದೆ ನಾನು ಏಳುವುದಿಲ್ಲ."

ಅವಳ ಕೆಲಸ ಕಳೆಯಲು ಹೊರಟವನು ಎದುರು ಮಾತಾಡುವುದುಂಟೇ? ತಿಂದೆ.

ಮರುದಿನ ನಿಶ್ಚಿತಾರ್ಥದಲ್ಲಿ ಒಂದು ತಟ್ಟೆಯೂ ಕಡಿಮೆಯಾಗಲಿಲ್ಲವಂತೆ. ನಾನು ಹೋಗಲಿಲ್ಲ, ಹೊಟ್ಟೆ ಹಿಡಿದುಕೊಂಡು ಮಲಗಿದ್ದೆ. ಮಧ್ಯಾಹ್ನ ಟೀಚರಮ್ಮನೇ ಬಂದರು. ನಾನು ಕೊಟ್ಟಿದ್ದ ಮಿಕ್ಸ್ಚರನ್ನು ಚೆಲ್ಲದೆ ಬೇರೆ ಬಾಟ್ಲಿಯಲ್ಲಿ ಜೋಪಾನ ಮಾಡಿದ್ದರಂತೆ.

"ರೋಗ ಯಾರಿಗೆ ಅಂತ ಈಗ ಗೊತ್ತಾಯ್ತಲ್ಲ?" ಎಂದು ಬಾಟ್ಲಿಯನ್ನು ಮಂಚದ ಪಕ್ಕ ಇಟ್ಟು ಹೋದರು.

ತಟ್ಟೆಯ ಸಮೇತ.