ಹೆಸರು ಕತ್ತರಿಸುವ ಕ್ಲಾಸು

ಕಂಪ್ಯೂಟರಿಗೆ ನಾವು ಹೇಳುವುದೊಂದು, ಅದು ಮಾಡುವುದೊಂದು. ರಾಬರ್ಟ್‌ಸನ್‌ಪೇಟೆಯಲ್ಲಿ ಪ್ರೋಗ್ರಾಮಿಂಗ್ ಕಲಿಸುವ ನನಗೆ ಇದು ದಿನಾ ಇದ್ದದ್ದೇ, ಆದರೂ ದಿನಾ ತಲೆ ಕೆಡುತ್ತದೆ. ಈಚೆಗೆ ಬೂದಿಕೋಟೆ ಕಡೆಯ ಹುಡುಗಿಯೊಬ್ಬಳು ಸೇರಿದಳು. ಅಣ್ಣನ ಮದುವೆಯೊಳಗೆ ಈ ಕ್ಲಾಸಿನಿಂದ ಮನೆಗೆ ಏನಾದರೂ ಉಪಯೋಗ ಕಾಣಬೇಕು, ಇಲ್ಲದಿದ್ದರೆ ಬಿಡಿಸುತ್ತೇನೆ ಎಂದು ಅವಳಪ್ಪ ಷರತ್ತು ಹಾಕಿದ್ದರು. ಚುರುಕು ಹುಡುಗಿ, ಬಿಟ್ಟುಹೋದರೆ ನನಗೂ ಬೇಜಾರೇ.

ಕೊನೆಯ ಸ್ಟಾಪು

ಪದವೊಂದರಿಂದ ತುಂಡು ಕತ್ತರಿಸುವುದನ್ನು ಕಲಿಸುತ್ತಿದ್ದೆ. ಎಣಿಕೆ ಸೊನ್ನೆಯಿಂದ ಶುರು ಎಂದೆ, ಒಪ್ಪಿದಳು. ಐದರವರೆಗೆ ಎಂದರೆ ಐದು ಸೇರುವುದಿಲ್ಲ, ನಾಲ್ಕಕ್ಕೇ ನಿಲ್ಲುತ್ತದೆ ಎಂದೆ, ಮುಖ ನೋಡಿದಳು. ಬಸ್ಸಿನ ಉದಾಹರಣೆ ಕೊಡಹೋಗಿ ನನಗೇ ಗೊಂದಲವಾಯಿತು.

"ಬಂಗಾರಪೇಟೆಗೆ ಟಿಕೆಟ್ ಕೊಟ್ಟು ಅದ್ಕಿಂತ ಮುಂಚಿನ್ ಸ್ಟಾಪಲ್ಲೇ ಇಳಿಸ್ಬುಡ್ತದಾ ಸಾರ್? ಇದ್ಕಿಂತ ನಮ್ಮೂರ್ ಬಸ್ಸೇ ವಾಸಿ," ಅಂದಳು.

ಯಾವ ಪೇಟೆ

ಲಗ್ನಪತ್ರಿಕೆಯ ಲಕೋಟೆಗೆ ಅಂಟಿಸಲು ಹೆಸರು, ಊರು ಇರುವ ಚೀಟಿಗಳನ್ನು ಅವಳೇ ಪ್ರಿಂಟ್ ಮಾಡಿದಳು. ಚೀಟಿ ಚಿಕ್ಕದು, ಊರಿನ ಹೆಸರಲ್ಲಿ ಕೊನೆಯ ಮೂರು ಇಂಗ್ಲಿಷ್ ಅಕ್ಷರ ಸಾಕು ಎಂದು ಜಾಣತನ ಹೇಳಿಕೊಟ್ಟವನು ನಾನು. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಬಂಗಾರಪೇಟೆ ಮೂರಕ್ಕೂ ಬರೀ 'ಪೇಟ್' ಎಂದು ಬಂತು. ಕಟ್ಟು ಹೊತ್ತು ಸ್ಕೂಟರಿನಲ್ಲಿ ಹೊರಟ ಅವಳ ಸೋದರಮಾವ ಮಧ್ಯಾಹ್ನ ಫೋನು ಮಾಡಿದರಂತೆ.

"ಪೇಟೆಗೇನೋ ಬಂದಿವ್ನಿ ಕಣಮ್ಮಿ, ಯಾವ್ ಪೇಟೆ ಅಂತ ಆ ಕಂಪ್ಯೂಟರ್ನೇ ಒಂದ್ಸಲ ಕೇಳು."

ಮಂಟಪದ ಬೋರ್ಡು

ಅವಳಪ್ಪ ಕೊನೆಯ ಅವಕಾಶ ಕೊಟ್ಟರು. ಬಂಗಾರಪೇಟೆಯ ಮದುವೆ ಮಂಟಪದ ಬಾಗಿಲಲ್ಲಿ ಲೈಟಿನ ಬೋರ್ಡು, ಅದರಲ್ಲಿ ಗಂಡು ಹೆಣ್ಣಿನ ಹೆಸರು ಓಡಬೇಕು. ಪೂರ್ತಿ ಹೆಸರು ಹಿಡಿಸುತ್ತಿರಲಿಲ್ಲ. ಮೊದಲ ಪದ ಇಟ್ಟುಕೊಂಡು ಉಳಿದದ್ದು ಕತ್ತರಿಸು ಎಂದು ಪುಸ್ತಕ ನೋಡಿ ಹೇಳಿದೆ. ಪುಸ್ತಕ ಬರೆದವರ ಊರಲ್ಲಿ ಮಕ್ಕಳ ಹೆಸರು ಮುಂದೆ, ಅಪ್ಪನದು ಹಿಂದೆ ಇರಬೇಕು. ನಮ್ಮ ಕಡೆ ಅಪ್ಪನ ಹೆಸರೇ ಮುಂದೆ.

ಮದುವೆ ದಿನ ಸ್ವಿಚ್ ಹಾಕಿದರೆ "ಮುನಿಯಪ್ಪ ವೆಡ್ಸ್ ವೆಂಕಟೇಶಪ್ಪ" ಎಂದು ಮಿನುಗತೊಡಗಿತು. ಮುನಿಯಪ್ಪ ಗಂಡಿನ ಅಪ್ಪ, ಅಂದರೆ ನನ್ನ ಶಿಷ್ಯೆಯ ಅಪ್ಪ; ವೆಂಕಟೇಶಪ್ಪ ಹೆಣ್ಣಿನ ಅಪ್ಪ. ಬೀಗರಿಬ್ಬರೂ ಅದೇ ಬೋರ್ಡಿನ ಕೆಳಗೆ ನಿಂತು ಬಂದವರಿಗೆಲ್ಲ ಕೈ ಮುಗಿಯುತ್ತಿದ್ದರು. ಜನ ಮೇಲೆ ನೋಡಿ, ಕೆಳಗೆ ನೋಡಿ, ಬಾಯಿಗೆ ಕರವಸ್ತ್ರ ಒತ್ತಿಕೊಂಡು ಒಳಗೆ ಹೋಗುತ್ತಿದ್ದರು. ನನ್ನ ಶಿಷ್ಯೆಯ ಅಮ್ಮ ಬೋರ್ಡು ಓದಿ, ಹಾಗಾದರೆ ನಾನು ತವರಿಗೆ ಹೊರಡಲಾ ಎಂದು ಗಂಡನನ್ನು ಕೇಳಿದರು.

ಶಿಷ್ಯೆ ಅಳುವ ಹಾಗಿದ್ದಳು. ಕ್ಲಾಸಿಗೆ ಇಲ್ಲಿಗೆ ಮಂಗಳ ಎಂದುಕೊಂಡು ನಾನು ಕಂಬದ ಹಿಂದೆ ಸರಿದೆ. ಮುನಿಯಪ್ಪ ಹುಡುಕಿಕೊಂಡೇ ಬಂದು ನನ್ನ ಕೈ ಹಿಡಿದರು.

"ಇವ್ಳಿಗೆ ಪೂರ್ತಿ ಕಲಿಸ್ಬುಡಿ ಸಾರ್. ಅರ್ಧ ಕಲ್ತಿದ್ದಕ್ಕೇ ನನ್ಗೂ ಬೀಗರಿಗೂ ಮದ್ವೆ ಮಾಡ್ಸವ್ಳೆ."