ಬಲಗಡೆಯದು ಸ್ವಲ್ಪ ಕೆಳಗೆ

ಎಲ್ಲ ಕೆಟ್ಟದ್ದು ಎರಡು ಮೂತ್ರಪಿಂಡಗಳನ್ನು ಒಂದೇ ಮಟ್ಟದಲ್ಲಿ ಬರೆದದ್ದರಿಂದ.

ವೈದ್ಯಕೀಯ ಕಾಲೇಜಿನ ಹೆಣ ಕೊಯ್ಯುವ ಕೊಠಡಿಯ ಗೋಡೆಯ ಮೇಲೆ ಆಳೆತ್ತರದ ಮನುಷ್ಯನನ್ನು, ಅವನ ಮೂತ್ರಪಿಂಡ, ನಾಳ, ಮೂತ್ರಕೋಶ ಕಾಣುವ ಹಾಗೆ ಬರೆಯುವುದು ಚಿತ್ರಗಾರನ ಇವತ್ತಿನ ಕೆಲಸ. ಏಳು ವರ್ಷದಿಂದ ಅವನು ಇಲ್ಲಿ ಹಂಗಾಮಿ. ಸಂಜೆ ಬರುವ ತಪಾಸಣಾ ಸಮಿತಿ ಒಪ್ಪಿದರೆ ಕೆಲಸ ಖಾಯಂ; ಇಲ್ಲವಾದರೆ ಇವತ್ತೇ ಕೊನೆ. ಬೆಳಿಗ್ಗೆ ಹೆಂಡತಿ, "ಇವತ್ತಾದ್ರೂ ಬಾಯಿಬಿಟ್ಟು ಕೇಳ್ರೀ," ಎಂದಿದ್ದಳು. ಅವನು ಸುಮ್ಮನೆ ಚಪ್ಪಲಿ ಮೆಟ್ಟಿಕೊಂಡು ಬಂದಿದ್ದ.

ಪ್ರೊಫೆಸರ್ ಗೋಡೆ ನೋಡಿ ಹಣೆ ಚಚ್ಚಿಕೊಂಡರು. "ತಕ್ಕಡಿ ತಟ್ಟೆ ಥರ ಬರ್ದಿದ್ದೀಯಲ್ಲಯ್ಯಾ! ಮೇಲೆ ಲಿವರ್ ಕೂತಿರತ್ತೆ. ಬಲಗಡೆಯದು ಸ್ವಲ್ಪ ಕೆಳಗಿರ್ಬೇಕು."

ಚಿತ್ರಗಾರ ತನ್ನ ಬಲಗೈ ಕಡೆಯದಕ್ಕೆ ಬಿಳಿ ಬಳಿದು, ಅದರ ಕೆಳಗೆ ಹೊಸದು ಬರೆದ.

ಹೆಣಗಳನ್ನು ನೋಡಿಕೊಳ್ಳುವ ಅಟೆಂಡರ್ ಬಂದು ನಕ್ಕ. "ಅಣ್ಣಾ, ಅವನು ನಿನ್ನ ಕಡೆ ಮುಖ ಮಾಡಿ ನಿಂತಿದಾನೆ. ಅವನ ಬಲ ನಿನಗೆ ಎಡ. ಇಪ್ಪತ್ತು ವರ್ಷದಿಂದ ಇವರ ಜೊತೆಗೇ ಇದೀನಿ. ನನ್ನ ಮಾತಿಗೆ ಒಬ್ರೂ ಎದುರಾಡಿಲ್ಲ."

ಎಡಗೈ ಕಡೆಯದಕ್ಕೂ ಬಿಳಿ ಬಳಿದು ಕೆಳಗೆ ಬರೆದ.

ಟೈಪಿಸ್ಟ್ ಅಕ್ಕ ಬಾಗಿಲಲ್ಲಿ ಹಣಿಕಿದಳು. "ಅಯ್ಯೋ, ಎರಡೂ ಜಾರಿವೆಯಲ್ಲೋ! ಲಾಡಿ ಬಿಚ್ಚಿದ ಚಡ್ಡಿ ಥರ!"

ಹೇಳುವವರಿಗೆ ಮೂರು ಬಾಯಿ, ಬರೆಯುವವನಿಗೆ ಒಂದೇ ಕೈ. ಮೊದಲು ಇಳಿಸಿದ್ದನ್ನು ಬಿಳಿಯಲ್ಲಿ ಮುಚ್ಚಿ, ಮತ್ತೆ ಮೇಲೆ ಬರೆದ.

ಸಂಜೆ ಸಮಿತಿ ಬರುವ ಹೊತ್ತಿಗೆ ಹಸಿ ಬಿಳಿಯ ಅಡಿಯಿಂದ ಹಳೆಯ ಕೆಂಪು, ಅದುಮಿಟ್ಟ ಸಿಟ್ಟಿನ ಹಾಗೆ, ಮೇಲೆದ್ದಿತ್ತು. ಗೋಡೆಯ ಮನುಷ್ಯನಿಗೆ ಈಗ ನಾಲ್ಕು ಮೂತ್ರಪಿಂಡ.

ಮೇಜಿನ ಮೇಲೆ ಮಲಗಿದ್ದವರು ಮೊದಲೇ ಸುಮ್ಮನಿದ್ದರು. ಈಗ ನಿಂತವರೂ ಅವರ ಜೊತೆ ಸೇರಿದರು.

"ನಾಲ್ಕಾ?" ಎಂದರು ಸಮಿತಿಯ ಅಧ್ಯಕ್ಷೆ.

"ಅಪರೂಪದ ಕೇಸು, ಮೇಡಂ," ಪ್ರೊಫೆಸರ್ ಬೆವರು ಒರೆಸಿಕೊಂಡರು. "ನೋಡಿಯೇ ಬರೆಸಿದ್ದು."

"ಯಾರನ್ನ ನೋಡಿ?"

ಪ್ರೊಫೆಸರರ ಕಣ್ಣು ಕೊಠಡಿಯೆಲ್ಲ ಅಲೆದು ಚಿತ್ರಗಾರನ ಮೇಲೆ ನಿಂತಿತು. "ಇವನನ್ನೇ."

ಅಧ್ಯಕ್ಷೆಯ ಮುಖ ಅರಳಿತು. "ಇಂಥವರನ್ನ ಹಂಗಾಮಿ ಇಟ್ಕೊಂಡಿದ್ದೀರಾ? ಈಗ್ಲೇ ಸ್ಕ್ಯಾನ್ ಮಾಡ್ಸಿ. ನಾಲ್ಕಿದ್ರೆ ಇವತ್ತೇ ಖಾಯಂ."

ಚಿತ್ರಗಾರ ನಿಜ ಹೇಳಲು ಬಾಯಿ ತೆರೆದ. ಏಳು ವರ್ಷ ನೆನಪಾಯಿತು. ಮುಚ್ಚಿದ.

ಸ್ಕ್ಯಾನ್ ಕೋಣೆಯ ಕತ್ತಲಲ್ಲಿ ಪಕ್ಕೆಗೆ ತಣ್ಣನೆಯದೇನೋ ಸವರಿದರು. ತನ್ನೊಳಗೆ ಏನಿದೆ ಎಂದು ಅವನು ಯೋಚಿಸಿದ್ದು ಅದೇ ಮೊದಲು. ನಾಲ್ಕು ಅತಿಯಾಸೆ; ಮೂರಾದರೂ ಇರಲಿ. ಇಷ್ಟು ವಯಸ್ಸಿಗೆ ಯಾರೂ ಅವನಿಗೆ ಒಂದು ತುತ್ತು ಹೆಚ್ಚಿಗೆ ಬಡಿಸಿರಲಿಲ್ಲ. ಹುಟ್ಟುವಾಗ ಕೈತಪ್ಪಿ ಬಡಿಸಿರಬಹುದು.

ಡಾಕ್ಟರ್ ಎಡಪಕ್ಕೆ ನೋಡಿದರು, ಬಲಪಕ್ಕೆ ನೋಡಿದರು, ಮಗ್ಗುಲಾಗಿಸಿ ಮತ್ತೆ ನೋಡಿದರು. "ಒಂದೇ ಇದೆಯಲ್ರೀ! ಹುಟ್ಟಿನಿಂದ್ಲೇ ಇರ್ಬೇಕು. ಗಾಬರಿ ಬೇಡ, ಬದುಕೋಕೆ ಒಂದು ಸಾಕು."

ಅಧ್ಯಕ್ಷೆ ವರದಿಯನ್ನು ಎರಡು ಸಲ ಓದಿದರು. ಕೊನೆಗೆ, "ಇದೂ ಅಪರೂಪವೇ. ಗೋಡೆ ಮೇಲೆ ಇದನ್ನೇ ಬರೆಸಿ," ಎಂದರು.

ಚಿತ್ರಗಾರ ಏಳು ವರ್ಷದಲ್ಲಿ ಮೊದಲ ಬಾರಿಗೆ ಬಾಯಿಬಿಟ್ಟು ಕೇಳಿದ. "ಹಂಗಾದ್ರೆ... ಕೆಲಸ, ಮೇಡಂ?"

"ಕೊಡೋಣಪ್ಪಾ," ಪ್ರೊಫೆಸರೇ ಅವನ ಬೆನ್ನು ತಟ್ಟಿದರು. "ನಾಳೆ ಬಂದು ಬರ್ಕೊಟ್ಟು ಹೋಗು. ಒಂದೇ ತಾನೆ? ಅರ್ಧ ದಿನದ ಕೆಲಸ."