ಹುಡುಕಿದವರಿಗೆಲ್ಲ ರೊಟ್ಟಿ

"ಬರೆದಿಟ್ಕೋ ಗಿರಿಜಾ! ಇನ್ನು ಮೂವತ್ತೇ ದಿನ. ಕೆಂಗೇರಿಯಿಂದ ನಂದಿನಿ ಲೇಔಟ್‌ವರೆಗೆ ಯಾರೇ ಮೊಬೈಲ್ ತೆಗೆದು ರೊಟ್ಟಿ ಅಂತ ಹುಡುಕಿದ್ರೂ ಮೊದಲು ಕಾಣೋದು ನಮ್ಮನೆ. ಎರಡನೇದಲ್ಲ, ಮೂರನೇದಲ್ಲ. ಮೊದಲನೇದು!"

ಆರ್‌ಪಿಸಿ ಲೇಔಟಿನ ತಮ್ಮ ಮನೆಯ ಅಡುಗೆಮನೆ ಬಾಗಿಲಲ್ಲಿ ನಿಂತು, ಎಡಗೈಯಲ್ಲಿ ಹೊಸ ಟ್ಯಾಬ್ಲೆಟ್ಟನ್ನೂ ಬಲಗೈಯಲ್ಲಿ ಪ್ರಮಾಣಪತ್ರವನ್ನೂ ಹಿಡಿದು ವಿಶ್ವಾರಾಧ್ಯರು ಈ ಘೋಷಣೆ ಹೊರಡಿಸಿದಾಗ ಅವರ ಪತ್ನಿ ಗಿರಿಜಾದೇವಿ ತಲೆ ಎತ್ತಲಿಲ್ಲ. ರೊಟ್ಟಿ ತಟ್ಟುವಾಗ ತಲೆ ಎತ್ತಿದರೆ ಅಂಚು ಒಡೆಯುತ್ತದೆ.

"ಬರೆದಿಟ್ಕೊಳ್ಳೋಕೆ ಕೈ ಖಾಲಿ ಇಲ್ಲ ರೀ. ಸ್ವಲ್ಪ ಆ ಕಡೆ ನಿಂತ್ಕೊಳ್ಳಿ, ಗಾಳಿಗೆ ಅಡ್ಡ ಇದೀರ" ಎಂದರು.

ವಿಶ್ವಾರಾಧ್ಯರು ಸರ್ಕಾರಿ ಕಚೇರಿಯೊಂದರಲ್ಲಿ ಅಧೀಕ್ಷಕರು. ಫೈಲುಗಳನ್ನು ಯಾರು ಎಷ್ಟೇ ಹುಡುಕಿದರೂ ಸಿಗದ ಹಾಗೆ ಇಡುವುದರಲ್ಲಿ ಇಪ್ಪತ್ತೇಳು ವರ್ಷಗಳ ಅಖಂಡ ಅನುಭವವುಳ್ಳವರು. ಅಂಥ ಮಹನೀಯರು ಒಂದು ಶನಿವಾರ ರಾಜಾಜಿನಗರದ ಸಭಾಂಗಣವೊಂದರಲ್ಲಿ ನಡೆದ 'ಬೆರಳ ತುದಿಯಲ್ಲಿ ಗಿರಾಕಿ' ಎಂಬ ಶಿಬಿರಕ್ಕೆ ಹೋಗಿ, ಹುಡುಕಿದವರಿಗೆ ಸಿಗುವ ಹಾಗೆ ಮಾಡುವ ವಿದ್ಯೆಯನ್ನು ಆರೇ ಗಂಟೆಯಲ್ಲಿ ಕಲಿತು ಬಂದಿದ್ದರು. ನಡುವೆ ಊಟಕ್ಕೆ ಒಂದೂವರೆ ಗಂಟೆ ಬಿಡುವೂ ಇತ್ತು.

ಶಿಬಿರದ ಗುರುಗಳು ಬಸವಕಿರಣ್ ಎಂಬ ಇಪ್ಪತ್ತಾರರ ತರುಣ. ಅವನು ಹೇಳಿದ್ದು ಇಷ್ಟು: "ಸಾರ್, ಇವತ್ತಿನ ಗಿರಾಕಿ ಮನೇಲಿ ಕಂಪ್ಯೂಟರ್ ಮುಂದೆ ಕೂತಿರಲ್ಲ. ಹಸ್ಕೊಂಡು ರೋಡಲ್ಲಿ ನಿಂತಿರ್ತಾನೆ, ಕೈಯಲ್ಲಿ ಮೊಬೈಲ್ ಇರುತ್ತೆ. ನನ್ನ ಹತ್ರದಲ್ಲಿ ಏನಿದೆ ಅಂತ ಕೇಳ್ತಾನೆ. ಮೂರು ಸೆಕೆಂಡಲ್ಲಿ ನೀವು ಕಾಣ್ಲಿಲ್ಲ ಅಂದ್ರೆ ಪಕ್ಕದೋನ ಹತ್ರ ಹೋಗ್ತಾನೆ. ಜನ ಹೆಚ್ಚು ಬಂದಷ್ಟೂ, ಒಳ್ಳೆ ಮಾತು ಬರೆದಷ್ಟೂ ನೀವು ಮೇಲೆ ಮೇಲೆ ಬರ್ತೀರ." ವಿಶ್ವಾರಾಧ್ಯರು ಇದನ್ನು ಮಹಾವಾಕ್ಯದಂತೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದರು.

ಇತ್ತ ಗಿರಿಜಾದೇವಿಯವರು ಹನ್ನೊಂದು ವರ್ಷದಿಂದ ಮನೆಯಲ್ಲೇ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಕೊಡುತ್ತಿದ್ದರು. ಜಾಹೀರಾತಿಲ್ಲ, ಬೋರ್ಡಿಲ್ಲ. ಒಬ್ಬರಿಂದ ಒಬ್ಬರಿಗೆ ಬಾಯಿಮಾತಿನಲ್ಲೇ ಹರಡಿದ ವ್ಯವಹಾರ. ಹೇಳಿದ ಹೊತ್ತಿಗೆ ಹೇಳಿದಷ್ಟು ರೊಟ್ಟಿ ತಲುಪದೆ ಇದ್ದದ್ದು ಈ ಹನ್ನೊಂದು ವರ್ಷದಲ್ಲಿ ಒಂದು ದಿನವೂ ಇಲ್ಲ. ಇಂಥ ಸುಸೂತ್ರವಾದ ವ್ಯವಹಾರವನ್ನು ಉದ್ಧಾರ ಮಾಡದೆ ಬಿಡುವುದು ಪ್ರಮಾಣಪತ್ರ ಪಡೆದವರಿಗೆ ಶೋಭೆಯೇ?

ಉದ್ಧಾರ ಮರುದಿನವೇ ಶುರುವಾಯಿತು. ಟ್ಯಾಬ್ಲೆಟ್ಟಿನಲ್ಲಿ, ಮೊಬೈಲ್ ನಕ್ಷೆಗೆ ಮನೆಯನ್ನು ಸೇರಿಸುವ ಒಂದು ಅರ್ಜಿ ತೆರೆದುಕೊಂಡಿತು. ಇಪ್ಪತ್ತೇಳು ವರ್ಷ ಬೇರೆಯವರ ಅರ್ಜಿಯಲ್ಲಿ ತಪ್ಪು ಹುಡುಕಿದ ಕೈ ಈಗ ತಾನೇ ಅರ್ಜಿ ತುಂಬಲು ಕೂತಿತು. ಕೂತು ಊಟ ಮಾಡಬಹುದೇ? ಹೌದು. ಮಕ್ಕಳಿಗೆ ಅನುಕೂಲವೇ? ಹೌದು. ಗುಂಪಾಗಿ ಬರಬಹುದೇ? ಹೌದು. ಮೊದಲೇ ತಿಳಿಸದೆ ಬರಬಹುದೇ? ಹೌದು, ಹೌದು! ಹೌದು ಎಂದಷ್ಟೂ ಹೆಚ್ಚು ಜನರಿಗೆ ಕಾಣುತ್ತೇವೆ ಎಂಬುದು ಅವರು ತಾವಾಗಿಯೇ ಕಂಡುಕೊಂಡ ಸೂಕ್ಷ್ಮ. ಮನೆಯ ಫೋಟೋ ಹಾಕಿದರು. ಮೊಬೈಲಿನಲ್ಲಿ ಗೇಟು ಮಾತ್ರ ಕಾಣುತ್ತಿತ್ತು, ಟ್ಯಾಬ್ಲೆಟ್ಟಿನ ದೊಡ್ಡ ಪರದೆಯಲ್ಲಿ ಒಣಹಾಕಿದ ಪಂಚೆಯೂ ಕಾಣುತ್ತಿತ್ತು. ಪಂಚೆ ತೆಗೆದು ಮತ್ತೆ ಫೋಟೋ ಹಿಡಿದರು.

ಕೊನೆಗೆ ತಂದೆ ರೇವಣಸಿದ್ದಯ್ಯನವರ ಬಳಿ ಹೋದರು. ಎಂಬತ್ತೆರಡರ ಹಿರಿಯರು. ಹಾವೇರಿ ಕಡೆಯಿಂದ ಬಂದು ನಲವತ್ತು ವರ್ಷವಾದರೂ ಮಾತಿನ ಧಾಟಿ ಬದಲಾಗಿರಲಿಲ್ಲ. ಹಗಲೆಲ್ಲ ಗೇಟಿನ ಪಕ್ಕದ ಬೆಂಚಿನ ಮೇಲೆ ಕೂತಿರುವುದು ಅವರ ರೂಢಿ.

"ಅಪ್ಪಾ, ಇನ್ಮೇಲೆ ಮನೆಗೆ ಗೊತ್ತಿಲ್ಲದ ಜನ ಬರ್ತಾರೆ. ಬಂದೋರನ್ನ ಚೆನ್ನಾಗಿ ಮಾತಾಡಿಸಿ. ಬರಿಗೈಯಲ್ಲಿ ಕಳಿಸ್ಬೇಡಿ."

"ಅದನ್ನ ನೀನು ನನಗ ಹೇಳಿಕೊಡಬೇಕೇನೋ ತಮ್ಮಾ?" ಎಂದು ರೇವಣಸಿದ್ದಯ್ಯನವರು ನಕ್ಕರು. ಮಗನಿಗೆ ಈಗಲಾದರೂ ಮನೆತನದ ಬುದ್ಧಿ ಬಂತಲ್ಲ ಎಂದು ಮುದುಕರಿಗೆ ನಿಜವಾಗಿಯೂ ಸಂತೋಷವಾಗಿತ್ತು.

ಆ ಮನೆತನದ ವಿಚಾರ ಒಂದಿಷ್ಟು ಹೇಳಬೇಕು. ರೇವಣಸಿದ್ದಯ್ಯನವರ ಅಪ್ಪನ ಕಾಲದಿಂದಲೂ ಅವರ ಮನೆಯಲ್ಲಿ ದಾಸೋಹ. ಹೊತ್ತಿಗೆ ಬಾಗಿಲಿಗೆ ಬಂದವರನ್ನು ಹೆಸರು ಕೇಳುವಂತಿಲ್ಲ, ಊರು ಕೇಳುವಂತಿಲ್ಲ, ಏಕೆ ಬಂದಿರಿ ಎಂದಂತೂ ಕೇಳಲೇಬಾರದು. ಕೇಳಬೇಕಾದ ಪ್ರಶ್ನೆ ಒಂದೇ: ಊಟ ಆತೇನ್ರಿ? ಬೆಂಗಳೂರಿಗೆ ಬಂದ ಮೇಲೆ ಈ ಪ್ರಶ್ನೆಗೆ ಸಿಕ್ಕುತ್ತಿದ್ದವರು ಕೊರಿಯರ್‌ನವನು ಮತ್ತು ಮೀಟರ್ ನೋಡಲು ಬರುವವನು, ಇಬ್ಬರೇ. ಇಬ್ಬರೂ ಅವಸರದವರು.

ಮೊದಲ ವಾರ ದಿನಕ್ಕೆ ಮೂರೋ ನಾಲ್ಕೋ ಜನ ಬಂದರು. ಗಿರಿಜಾದೇವಿ ಅಡುಗೆಮನೆಯಲ್ಲಿ, ವಿಶ್ವಾರಾಧ್ಯರು ಕಚೇರಿಯಲ್ಲಿ. ಮುದುಕರು ಸದ್ದಿಲ್ಲದೆ ಕೂರಿಸಿ, ನಡುಮನೆಯಲ್ಲಿಟ್ಟ ರೊಟ್ಟಿ ಬುಟ್ಟಿಯಿಂದಲೇ ಸದ್ದಿಲ್ಲದೆ ಬಡಿಸಿ ಕಳಿಸಿದರು. ಉಂಡವರು ಋಣ ಇಟ್ಟುಕೊಳ್ಳಲಿಲ್ಲ, ಮೊಬೈಲ್ ತೆಗೆದು ಐದೈದು ನಕ್ಷತ್ರ ಒತ್ತಿದರು. ನಕ್ಷತ್ರ ಏರಿದಂತೆ ಮನೆ ಮೇಲೆ ಬಂತು, ಮೇಲೆ ಬಂದಂತೆ ಜನ ಹೆಚ್ಚಿದರು, ಜನ ಹೆಚ್ಚಿದಂತೆ ನಕ್ಷತ್ರ ಇನ್ನಷ್ಟು ಏರಿತು. ಬಸವಕಿರಣ್ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಾಗಲಿಲ್ಲ!

"ನಾಲ್ಕು ಪಾಯಿಂಟ್ ಒಂಬತ್ತು!" ಎಂದು ವಿಶ್ವಾರಾಧ್ಯರು ಟ್ಯಾಬ್ಲೆಟ್ಟನ್ನು ಹೆಂಡತಿಯ ಮುಖದ ಹತ್ತಿರ ಹಿಡಿದರು.

"ಏನದು, ಜ್ವರನಾ?"

"ರೇಟಿಂಗ್ ಕಣೇ! ಐವತ್ತೆರಡು ಜನ ಮೆಚ್ಚಿದ್ದಾರೆ."

"ಮೆಚ್ಚಿದೋರು ಒಬ್ಬರಾದ್ರೂ ಫೋನ್ ಮಾಡಿ ರೊಟ್ಟಿ ಬೇಕು ಅಂದ್ರಾ? ಹೊಸ ಆರ್ಡರ್ ಒಂದೂ ಇಲ್ಲ, ಹಿಟ್ಟಿನ ಡಬ್ಬ ಮಾತ್ರ ಯಾಕೋ ಬೇಗ ಖಾಲಿ ಆಗ್ತಾ ಇದೆ. ಆ ಐವತ್ತೆರಡು ಜನ ಏನು ಬರೆದಿದ್ದಾರೆ, ಓದಿದ್ರಾ?"

"ಮೊದಲು ಹೆಸರು, ಆಮೇಲೆ ವ್ಯಾಪಾರ. ಅದು ನಿನಗೆ ಅರ್ಥ ಆಗಲ್ಲ ಬಿಡು" ಎಂದರು ವಿಶ್ವಾರಾಧ್ಯರು. ಓದಿರಲಿಲ್ಲ. ಅಧೀಕ್ಷಕರಾದವರು ಟಿಪ್ಪಣಿ ಓದುವುದಿಲ್ಲ, ಎಲ್ಲಿ ಸಹಿ ಹಾಕಬೇಕು ಎಂದಷ್ಟೇ ನೋಡುತ್ತಾರೆ.

ಹೀಗಿರುವಾಗ ಆ ಭಾನುವಾರ ಬಂತು. ಬಸವೇಶ್ವರನಗರದ ಗುರುಸಿದ್ದಯ್ಯನವರ ಮಗಳ ಸೀಮಂತಕ್ಕೆ ಇನ್ನೂರು ಮೆತ್ತನೆ ರೊಟ್ಟಿ, ಒಂದೂವರೆಗೆ ಎಲೆ ಹಾಕುವ ಮೊದಲು ತಲುಪಬೇಕು. ಗಿರಿಜಾದೇವಿಯ ಮೊಟ್ಟಮೊದಲ ಗಿರಾಕಿಗಳು ಆ ಮನೆಯವರೇ. ಬಸುರಿ ಹುಡುಗಿಯನ್ನು ಅವಳು ಶಾಲೆಗೆ ಹೋಗುವಾಗಿನಿಂದ ಬಲ್ಲವರು. ಬೆಳಗಿನ ಐದಕ್ಕೆ ಒಲೆ ಹಚ್ಚಿ, ಹನ್ನೊಂದಕ್ಕೆ ಇನ್ನೂರನೆಯ ರೊಟ್ಟಿಯನ್ನು ಬಿಳಿ ಬಟ್ಟೆ ಹಾಸಿದ ಬುಟ್ಟಿಯಲ್ಲಿಟ್ಟು, ನಡುಮನೆಯಲ್ಲಿ ಮುಚ್ಚಿಟ್ಟರು. ಸೊಂಟ ಹಿಡಿದುಕೊಂಡೇ ಸೀರೆ ಬದಲಿಸಿದರು.

"ಹುಡುಗಿಗೆ ಹಸಿರು ಬಳೆ ತರೋಕೆ ವಿಜಯನಗರ ಮಾರ್ಕೆಟ್‌ಗೆ ಹೋಗ್ಬರ್ತೀನಿ. ಹನ್ನೆರಡೂ ಕಾಲಿಗೆ ಬಂದ್ಬಿಡ್ತೀನಿ. ಬುಟ್ಟಿ ಕಡೆ ಒಂದು ಕಣ್ಣಿಟ್ಟಿರಿ."

"ಎರಡೂ ಕಣ್ಣಿಡ್ತೀನಿ" ಎಂದು ವಿಶ್ವಾರಾಧ್ಯರು ಆ ಎರಡೂ ಕಣ್ಣುಗಳೊಂದಿಗೆ ಮಾಳಿಗೆಗೆ ಹೋಗಿ ಟ್ಯಾಬ್ಲೆಟ್ ಮುಂದೆ ಕೂತರು.

ಅಲ್ಲಿ ಅವರ ಜನ್ಮ ಸಾರ್ಥಕವಾಯಿತು. ಅವರ ಮನೆ ಮೊದಲನೆಯ ಸ್ಥಾನದಲ್ಲಿತ್ತು! 'ದಾರಿ ತೋರಿಸು' ಎಂಬ ಗುಂಡಿಯನ್ನು ಆ ಬೆಳಿಗ್ಗೆ ಒಂಬತ್ತು ಜನ ಒತ್ತಿದ್ದರು. ನೋಡುತ್ತಿದ್ದಂತೆ ಹದಿನಾಲ್ಕಾಯಿತು. ಇಪ್ಪತ್ತಾರಾಯಿತು. ಪ್ರತಿಸಲ ಅಂಕಿ ಏರಿದಾಗಲೂ ಅವರು ಕುರ್ಚಿಯಲ್ಲಿ ಒಂದು ಗೇಣು ಮೇಲೇಳುತ್ತಿದ್ದರು. ಕೆಳಗಿನಿಂದ ತಟ್ಟೆಗಳ ಸದ್ದು ಕೇಳಿಸಿತು. ಪಕ್ಕದ ಮನೆಯವರದ್ದಿರಬೇಕು, ಭಾನುವಾರ ಅಲ್ಲವೇ ಎಂದುಕೊಂಡರು. ನಲವತ್ತೊಂದು ಆದಾಗ ತಡೆಯಲಾಗಲಿಲ್ಲ. ಹೆಂಡತಿ ಬರುವ ಹೊತ್ತಾಯಿತು, ಗೇಟಿನಲ್ಲೇ ನಿಂತು ಈ ಶುಭವಾರ್ತೆ ಹೇಳಬೇಕೆಂದು ಇಳಿದು ಬಂದರು.

ಮೆಟ್ಟಿಲ ಬುಡದಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲೆಲ್ಲೂ ಚಪ್ಪಲಿ. ವರಾಂಡದಲ್ಲಿ ಎರಡು ಪಂಕ್ತಿ, ನಡುಮನೆಯಲ್ಲಿ ಒಂದು ಪಂಕ್ತಿ. ರೇವಣಸಿದ್ದಯ್ಯನವರು ಪಂಚೆ ಎತ್ತಿ ಕಟ್ಟಿ, ಹೆಗಲ ಮೇಲೆ ಟವೆಲ್ ಹಾಕಿ, ಬಿಳಿ ಬಟ್ಟೆಯ ಬುಟ್ಟಿಯನ್ನು ಕಂಕುಳಲ್ಲಿಟ್ಟುಕೊಂಡು ಓಡಾಡುತ್ತಿದ್ದರು. "ನಾಚಬ್ಯಾಡ್ರಿ, ಇನ್ನೊಂದು ಹಾಕಿಸ್ಕೋರಿ. ಚಟ್ನಿಗೆ ಮೊಸರು ಕಲಸ್ಕೋರಿ" ಎನ್ನುತ್ತಿದ್ದ ಅವರಿಗೆ ಹತ್ತು ವರ್ಷ ವಯಸ್ಸು ಇಳಿದಂತಿತ್ತು.

"ಅಪ್ಪಾ! ಯಾರಿವರೆಲ್ಲ?"

"ನನ್ನ ಕೇಳ್ತಿಯಲ್ಲೋ? ನೀನೇ ಕರೆಸಿದ ಮಂದಿ. ಮೊಬೈಲ್ ತೋರಿಸಿದ್ರು, ಅದರಾಗ ನಿನ್ನ ಹೆಸರೇ ಐತಿ."

"ದುಡ್ಡು ಇಸ್ಕೊಂಡ್ರಾ?"

"ಉಣ್ಣಾಕ ಬಂದವರ ಹತ್ರ ರೊಕ್ಕಾ? ತಲಿ ಸರಿ ಐತಿಲ್ಲೋ ನಿಂದು?"

ವಿಶ್ವಾರಾಧ್ಯರು ಬುಟ್ಟಿಯಲ್ಲಿ ಇಣುಕಿದರು. ಎಣಿಸಲು ಕಷ್ಟವಾಗಲಿಲ್ಲ. ಐವತ್ತೆಂಟು ಉಳಿದಿದ್ದವು. ಅಷ್ಟರಲ್ಲಿ ಗೇಟು ಕಿರ್ ಎಂದಿತು.

ಗಿರಿಜಾದೇವಿ ಬಳೆಯ ಪೊಟ್ಟಣ ಹಿಡಿದು ನಿಂತಿದ್ದರು. ಪಂಕ್ತಿ ನೋಡಿದರು, ಬುಟ್ಟಿ ನೋಡಿದರು, ಗಡಿಯಾರ ನೋಡಿದರು. ಗಂಡನನ್ನು ನೋಡಲಿಲ್ಲ. ಕೂಗಾಡಿದ್ದರೆ ವಿಶ್ವಾರಾಧ್ಯರು ಹೇಗೋ ತಡೆದುಕೊಳ್ಳುತ್ತಿದ್ದರು. ಆಕೆ ಅಲ್ಲೇ ಬೆಂಚಿನ ಮೇಲೆ ಕೂತು, "ಸೀಮಂತದ ಮನೆಯೋರಿಗೆ ಏನು ಹೇಳ್ಲಿ? ಹನ್ನೊಂದು ವರ್ಷ ಆಗಿತ್ತು ರೀ" ಎಂದಷ್ಟೇ ಹೇಳಿದರು. ವಿಶ್ವಾರಾಧ್ಯರಿಗೆ ಹೇಳಲು ಏನಾದರೂ ಬೇಕಿತ್ತು, ಸಿಕ್ಕಿದ್ದು ಒಂದೇ.

"ಗಿರಿಜಾ... ನಾವು ಮೊದಲನೇ ಸ್ಥಾನಕ್ಕೆ ಬಂದಿದೀವಿ."

ಈ ಮಾತು ಕೇಳಿ ಪಂಕ್ತಿಯಲ್ಲಿದ್ದವರೂ ಉಣ್ಣುವುದು ನಿಲ್ಲಿಸಿದರು. ಅವರಲ್ಲಿ ಒಬ್ಬಾಕೆ ಕೈ ತೊಳೆದು ಎದ್ದು ಬಂದರು. ಹೆಗ್ಗನಹಳ್ಳಿಯ ಅಕ್ಕಯ್ಯಮ್ಮ. ಗಾರ್ಮೆಂಟ್ಸ್‌ನಲ್ಲಿ ಕೆಲಸ, ರಜೆ ಎಂದು ಗೆಳತಿಯರ ಜೊತೆ ಸುತ್ತಾಡಲು ಬಂದು, ಹಸಿವಾಗಿ, ಮೊಬೈಲಿನಲ್ಲಿ ಹುಡುಕಿ ಇಲ್ಲಿಗೆ ಮುಟ್ಟಿದವರು.

"ಅಕ್ಕಾ, ಇದು ಬೇರೆಯೋರ ಮನೆ ಶುಭಕಾರ್ಯದ್ದು ಅಂತ ನಮಗೆ ಗೊತ್ತಾಗ್ಲಿಲ್ಲ. ಎಷ್ಟು ಕಮ್ಮಿ ಬಿತ್ತು?"

"ನೂರಾ ನಲವತ್ತೆರಡು" ಎಂದರು ಗಿರಿಜಾದೇವಿ, ಬುಟ್ಟಿಯಲ್ಲಿ ಉಳಿದದ್ದನ್ನು ಎಣಿಸಿ.

"ನಮ್ಮಲ್ಲಿ ಇವ್ರು ಮೂರು ಜನ ಯಾದಗಿರಿಯೋರು. ನಿದ್ದೇಲಿ ಎಬ್ಬಿಸಿದ್ರೂ ರೊಟ್ಟಿ ತಟ್ತಾರೆ. ನನಗೆ ತಟ್ಟೋಕೆ ಬರಲ್ಲ, ಬೇಯಿಸ್ತೀನಿ. ಒಲೆ ಎಷ್ಟಿದೆ?"

ಗಿರಿಜಾದೇವಿ ಎದ್ದು ಸೆರಗು ಸಿಕ್ಕಿಸಿಕೊಂಡರು. ಆಮೇಲೆ ಆ ಮನೆಯಲ್ಲಿ ನಡೆದದ್ದಕ್ಕೆ ಯಾವ ಶಿಬಿರದಲ್ಲೂ ಪ್ರಮಾಣಪತ್ರ ಕೊಡುವುದಿಲ್ಲ. ನಾಲ್ಕು ಒಲೆ ಹತ್ತಿದವು. ತಟ್ಟುವ ಸದ್ದು ಬೀದಿಯ ತುದಿಯವರೆಗೆ ಕೇಳಿಸಿತು. ಉಂಡವರಲ್ಲಿ ಒಬ್ಬರು ನೀರು ತಂದರು, ಒಬ್ಬರು ಆಟೋ ಹಿಡಿದು ತಂದರು. ವಿಶ್ವಾರಾಧ್ಯರು ನೆರವಾಗಲು ಮುಂದೆ ಬಂದಾಗ ಎಲ್ಲರೂ ಒಕ್ಕೊರಲಿನಿಂದ "ಸಾರ್, ನೀವು ಕೂತ್ಕೊಳ್ಳಿ" ಎಂದರು. ಹೊಸಬರು ಗೇಟಿಗೆ ಬಂದರೆ ಚಟ್ನಿಪುಡಿ ಪೊಟ್ಟಣ ಕೊಟ್ಟು ಕಳಿಸುವ ಹೊಣೆಯನ್ನು ಮಾತ್ರ, ಬಹಳ ಯೋಚಿಸಿ, ಅವರಿಗೆ ವಹಿಸಲಾಯಿತು.

ಒಂದು ಗಂಟೆ ಇಪ್ಪತ್ತೆಂಟು ನಿಮಿಷಕ್ಕೆ ಇನ್ನೂರು ರೊಟ್ಟಿ ಬಸವೇಶ್ವರನಗರದಲ್ಲಿ ಇಳಿದವು. ಇಷ್ಟು ಮೆತ್ತಗೆ ಯಾವತ್ತೂ ಇರಲಿಲ್ಲ ಎಂದು ಗುರುಸಿದ್ದಯ್ಯನವರು ಫೋನ್ ಮಾಡಿ ಹೇಳಿದರು. ಗಿರಿಜಾದೇವಿ ಆ ನಾಲ್ವರು ಹೆಂಗಸರಿಗೆ ಮುಂದಿನ ಭಾನುವಾರದಿಂದ ಖಾಯಂ ಬರುವಂತೆ ಹೇಳಿ, ಸಂಬಳವನ್ನೂ ಮಾತಾಡಿದರು. ಭಾನುವಾರ ಮಧ್ಯಾಹ್ನ ಇಪ್ಪತ್ತು ಜನರಿಗೆ ಊಟ ಹಾಕಲು ಮಾವನವರಿಗೂ ಅನುಮತಿ ಸಿಕ್ಕಿತು. ಟ್ಯಾಬ್ಲೆಟ್ ಮಾತ್ರ ಅಧೀಕ್ಷಕರ ಕೈಯಿಂದ ಅಡುಗೆಮನೆಗೆ ವರ್ಗಾವಣೆಯಾಯಿತು.

ಸಂಜೆ ಕಾಫಿ ಹೊತ್ತಿಗೆ ವಿಶ್ವಾರಾಧ್ಯರು ತಮ್ಮ ಮೊಬೈಲ್ ತೆಗೆದು, ಮೊಟ್ಟಮೊದಲ ಬಾರಿಗೆ, ಜನ ಬರೆದದ್ದನ್ನು ಓದತೊಡಗಿದರು. ಎಲ್ಲಕ್ಕಿಂತ ಮೇಲಿದ್ದದ್ದು ಅಕ್ಕಯ್ಯಮ್ಮನದು: 'ಬಡಿಸೋ ಅಜ್ಜನಿಗೆ ಐದು ಸ್ಟಾರ್. ತಟ್ಟೋ ಅಕ್ಕನಿಗೆ ಐದು ಸ್ಟಾರ್. ಮಾಳಿಗೆ ಮೇಲೆ ಒಬ್ಬರು ಸಾರ್ ಇದ್ದಾರೆ, ಅವರು ಏನು ಕೆಲಸ ಮಾಡ್ತಾರೆ ಅಂತ ಗೊತ್ತಾಗ್ಲಿಲ್ಲ.'

ಅದರ ಕೆಳಗೆ ಮಾಲೀಕರ ಉತ್ತರ ಆಗಲೇ ಬಂದಿತ್ತು: 'ಮದುವೆಯಾಗಿ ಇಪ್ಪತ್ತೆಂಟು ವರ್ಷದಿಂದ ನಾನೂ ಅದನ್ನೇ ಹುಡುಕ್ತಾ ಇದೀನಿ. ಸಿಕ್ಕಿದ್ರೆ ತಿಳಿಸ್ತೀನಿ. ಇಂತಿ, ಗಿರಿಜಾದೇವಿ.'